ಒಂದು ಪದಕ್ಕಾಗಿ ಐದು ಸಲ ಗಡಿಪಾರು: ಸಂತ ಅಥನಾಸಿಯುಸ್



ಭಾನುವಾರದ ಬಲಿಪೂಜೆಯಲ್ಲಿ ಗುರುಗಳ ಪ್ರಬೋಧನೆ ಮುಗಿಯುತ್ತಲೇ ನಾವೆಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳುತ್ತೇವೆ. ಒಬ್ಬರ ಕೈ ಕಾಣಿಕೆಗೆ ಚಿಲ್ಲರೆ ಹುಡುಕುತ್ತಿರುತ್ತದೆ, ಇನ್ನೊಬ್ಬರು ಬೆಂಚಿನ ಕೆಳಗೆ ನುಸುಳಿದ ಮಗುವನ್ನು ಮೇಲೆತ್ತುತ್ತಿರುತ್ತಾರೆ. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಹೇಳುತ್ತಾ ಹೋಗುತ್ತದೆ. ನೈಸಿಯ ವಿಶ್ವಾಸಪ್ರಮಾಣವನ್ನು ಹೇಳುವ ದಿನ ಅದರ ನಡುವೆ ಒಂದು ಮಾತು ಬರುತ್ತದೆ. ಸುತನಾದ ಯೇಸುಸ್ವಾಮಿ ಪಿತನೊಂದಿಗೆ ಒಂದೇ ಸತ್ವ ಉಳ್ಳವರು ಎಂಬುದು ಅದರ ಅರ್ಥ. ಅದನ್ನು ಹೇಳಲು ನಮಗೆ ಎರಡು ಸೆಕೆಂಡು ಸಾಕು. ಅದೇ ಮಾತಿಗಾಗಿ ಒಬ್ಬ ಧರ್ಮಾಧ್ಯಕ್ಷರು ಐದು ಸಲ ತಮ್ಮ ಊರನ್ನು ಬಿಟ್ಟು ಹೋಗಬೇಕಾಯಿತು, 45 ವರ್ಷಗಳ ಸೇವೆಯಲ್ಲಿ ಸುಮಾರು 17 ವರ್ಷಗಳನ್ನು ಪರಸ್ಥಳದಲ್ಲಿಯೂ ಮರಳುಗಾಡಿನಲ್ಲಿಯೂ ಕಳೆಯಬೇಕಾಯಿತು ಎಂಬುದು ನಿಮಗೆ ಗೊತ್ತೇ? ಅವರೇ ಅಲೆಕ್ಸಾಂಡ್ರಿಯದ ಸಂತ ಅಥನಾಸಿಯುಸರು. ಮೇ 2ರಂದು ಧರ್ಮಸಭೆ ಅವರನ್ನು ಸ್ಮರಿಸುತ್ತದೆ.

ಅವರು ಹುಟ್ಟಿದ್ದು ಈಜಿಪ್ಟಿನ ದೊಡ್ಡ ಬಂದರು ಪಟ್ಟಣವಾದ ಅಲೆಕ್ಸಾಂಡ್ರಿಯದಲ್ಲಿ, ಸುಮಾರು ಕ್ರಿ.ಶ. 296-298ರಲ್ಲಿ. ಅವರು ಇನ್ನೂ ಚಿಕ್ಕ ಹುಡುಗನಾಗಿದ್ದಾಗ, 303ರಲ್ಲಿ, ಡಯೋಕ್ಲೇಶಿಯನ್ ಚಕ್ರವರ್ತಿಯ ಹಿಂಸೆ ಆರಂಭವಾಯಿತು. ಈಜಿಪ್ಟಿನ ಕ್ರೈಸ್ತರು ಅನುಭವಿಸಿದ್ದು ಅಷ್ಟಿಷ್ಟಲ್ಲ. ಬಾಲ್ಯದ ಬಗ್ಗೆ ಒಂದು ಕಥೆ ಇದೆ. ಮಕ್ಕಳು ಕಡಲ ದಂಡೆಯಲ್ಲಿ ಜ್ಞಾನಸ್ನಾನದ ಆಟ ಆಡುತ್ತಿದ್ದರಂತೆ, ಅಥನಾಸಿಯುಸನೇ ಧರ್ಮಾಧ್ಯಕ್ಷ. ಅದನ್ನು ಮನೆಯ ಕಿಟಕಿಯಿಂದ ನೋಡಿದ ಧರ್ಮಾಧ್ಯಕ್ಷ ಅಲೆಕ್ಸಾಂಡರರು ಆ ಹುಡುಗನನ್ನು ತಮ್ಮ ಬಳಿ ಇಟ್ಟುಕೊಂಡು ಓದಿಸಿದರಂತೆ. ಅಲೆಕ್ಸಾಂಡರರು ಪೀಠವೇರಿದ್ದು 313ರಲ್ಲಿ; ಆ ಹೊತ್ತಿಗೆ ಅಥನಾಸಿಯುಸರು ಮರಳಿನಲ್ಲಿ ಆಡುವ ವಯಸ್ಸು ದಾಟಿದ್ದರು. ಆದ್ದರಿಂದ ಕಥೆಯನ್ನು ಕಥೆಯಾಗಿಯೇ ಕೇಳೋಣ. ಅಲೆಕ್ಸಾಂಡರರು ಅವರನ್ನು ಬೆಳೆಸಿದ್ದು, ಡೀಕನ್ ಆಗಿ ಅಭಿಷೇಕಿಸಿ ತಮ್ಮ ಕಾರ್ಯದರ್ಶಿಯಾಗಿ ಇಟ್ಟುಕೊಂಡದ್ದು ಮಾತ್ರ ನಿಜ.

ಅದೇ ಪಟ್ಟಣದಲ್ಲಿ ಆರಿಯುಸ್ ಎಂಬ ಗುರು ಇದ್ದ. ನಮ್ಮ ಹಳೆಯ ಪುಸ್ತಕಗಳಲ್ಲಿ ಆತನನ್ನು ರಾಕ್ಷಸನಂತೆ ಚಿತ್ರಿಸುವುದುಂಟು. ಆದರೆ ಆತ ವಯಸ್ಸಾದ, ಕಟ್ಟುನಿಟ್ಟಾಗಿ ಬದುಕುವ, ಒಳ್ಳೆಯ ಪ್ರಬೋಧಕನೆಂದು ಹೆಸರಾದ ಗುರು. ದೇವರು ಒಬ್ಬರೇ ಎಂಬ ಸತ್ಯವನ್ನು ಕಾಪಾಡಬೇಕೆಂಬುದೇ ಆತನ ಕಾಳಜಿ. ಹಾಗಾಗಿ ಆತ ಹೀಗೆ ಬೋಧಿಸಿದ: ಪಿತ ಒಬ್ಬರೇ ಆದಿಯಿಲ್ಲದವರು. ಸುತನಿಗೆ ಒಂದು ಆದಿ ಉಂಟು. ಸುತನು ಇಲ್ಲದಿದ್ದ ಒಂದು ಹಂತ ಇತ್ತು. ಪಿತನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಶ್ರೇಷ್ಠವಾಗಿ ಉಂಟುಮಾಡಿದ ಸೃಷ್ಟಿಯೇ ಸುತ. ಹಡಗಿನವರು, ಹಿಟ್ಟು ಬೀಸುವವರು, ದಾರಿಹೋಕರು ಹಾಡಿಕೊಳ್ಳಲೆಂದು ಆತ ಹಾಡುಗಳನ್ನೂ ಕಟ್ಟಿಕೊಟ್ಟನೆಂದು ಹಳೆಯ ಇತಿಹಾಸಕಾರರೊಬ್ಬರು ಬರೆದಿದ್ದಾರೆ. ಬೀಸುವ ಕಲ್ಲಿನ ಮುಂದೆ ಹಾಡಿದ್ದು ಎಷ್ಟು ಬೇಗ ಮನಸ್ಸಿಗಿಳಿಯುತ್ತದೆಂದು ನಮ್ಮ ಹಳ್ಳಿಯ ಅಜ್ಜಿಯಂದಿರಿಗೆ ಹೇಳಿಕೊಡಬೇಕೇ? ಸುಮಾರು 318ರ ಹೊತ್ತಿಗೆ ಆರಂಭವಾದ ಜಗಳ ಕೆಲವೇ ವರ್ಷಗಳಲ್ಲಿ ಪೂರ್ವ ದೇಶಗಳ ಧರ್ಮಸಭೆಯನ್ನೆಲ್ಲ ಹಿಡಿಯಿತು.

ಇಷ್ಟಕ್ಕೆ ಏಕೆ ಜಗಳ, ಯೇಸುಸ್ವಾಮಿಯನ್ನು ಇಬ್ಬರೂ ಗೌರವಿಸುತ್ತಿದ್ದರಲ್ಲ ಎಂದು ನೀವು ಕೇಳಬಹುದು. ನಿಮ್ಮ ಮನೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಿ. ಬಡಗಿಯೊಬ್ಬ ಕುರ್ಚಿ ಮಾಡುತ್ತಾನೆ. ಎಷ್ಟೇ ಚೆನ್ನಾಗಿ ಮಾಡಿದರೂ ಕುರ್ಚಿ ಕುರ್ಚಿಯೇ, ಬಡಗಿಯಾಗುವುದಿಲ್ಲ. ಅದೇ ಬಡಗಿಗೆ ಮಗ ಹುಟ್ಟಿದರೆ ಆ ಮಗ ಅಪ್ಪನ ಹಾಗೆಯೇ ಪೂರ್ತಿ ಮನುಷ್ಯ. ಮಾಡಿದ್ದು ಬೇರೆ, ಹುಟ್ಟಿದ್ದು ಬೇರೆ. ಸುತನು ಪಿತನಿಂದ ಜನಿಸಿದವರು, ಉಂಟುಮಾಡಲ್ಪಟ್ಟವರಲ್ಲ ಎಂದು ವಿಶ್ವಾಸಪ್ರಮಾಣ ಸಾರುವುದು ಇದಕ್ಕಾಗಿಯೇ. ಆದರೆ ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ. ನಮ್ಮಲ್ಲಿ ಅಪ್ಪ ಮೊದಲು, ಮಗ ಆಮೇಲೆ. ಅಪ್ಪ ಒಬ್ಬ ಮನುಷ್ಯ, ಮಗ ಇನ್ನೊಬ್ಬ ಮನುಷ್ಯ. ದೇವರಲ್ಲಿ ಮೊದಲು ಆಮೇಲೆ ಎಂಬುದಿಲ್ಲ, ಇಬ್ಬರು ದೇವರೂ ಇಲ್ಲ. ಅದಕ್ಕಾಗಿ ಅಥನಾಸಿಯುಸರು ಸೂರ್ಯ ಮತ್ತು ಅದರ ಬೆಳಕಿನ ಹೋಲಿಕೆಯನ್ನು ಮತ್ತೆ ಮತ್ತೆ ಕೊಡುತ್ತಿದ್ದರು. ಬೆಳಕಿಲ್ಲದ ಸೂರ್ಯ ಎಂದಾದರೂ ಇದ್ದನೇ? ಹಾಗೆಯೇ ಸುತನಿಲ್ಲದೆ ಪಿತ ಪಿತನಾಗುವುದು ಹೇಗೆ?

ಯುವಕರಾಗಿದ್ದಾಗಲೇ, ಎಂದು ಅನೇಕರ ಅಭಿಪ್ರಾಯ, ಅವರು ದೇವರ ವಾರ್ತೆ ಮನುಷ್ಯರಾದದ್ದರ ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿ ಒಂದು ಚಿತ್ರ ಬರುತ್ತದೆ. ದೊಡ್ಡ ರಾಜನೊಬ್ಬ ಒಂದು ಪಟ್ಟಣಕ್ಕೆ ಬಂದು ಅಲ್ಲಿನ ಒಂದೇ ಒಂದು ಮನೆಯಲ್ಲಿ ಉಳಿದುಕೊಂಡರೂ ಇಡೀ ಪಟ್ಟಣಕ್ಕೆ ಮರ್ಯಾದೆ ಬರುತ್ತದೆ, ಕಳ್ಳಕಾಕರು ಅದರ ಮೇಲೆ ಬೀಳಲು ಹೆದರುತ್ತಾರೆ. ದೇವರೇ ನಮ್ಮಂಥ ಒಂದು ದೇಹದಲ್ಲಿ ವಾಸಿಸಲು ಬಂದದ್ದರಿಂದ ಮನುಷ್ಯಕುಲಕ್ಕೆಲ್ಲ ಮರಣದಿಂದ ರಕ್ಷಣೆ ದೊರೆಯಿತು ಎಂಬುದು ಅವರ ವಿವರಣೆ. ಈಗ ಯೋಚಿಸಿ: ಬಂದವರು ರಾಜನಲ್ಲ, ರಾಜ ಕಳುಹಿಸಿದ ಆಳು ಎಂದಾದರೆ? ಆರಿಯುಸನ ಮಾತು ನಿಜವಾದರೆ ನಮ್ಮನ್ನು ರಕ್ಷಿಸಲು ದೇವರು ಬರಲೇ ಇಲ್ಲ, ಇನ್ನೊಬ್ಬರನ್ನು ಕಳುಹಿಸಿ ಸುಮ್ಮನಾದರು ಎಂದಾಗುತ್ತದೆ. ಅಷ್ಟೇ ಅಲ್ಲ, ಜ್ಞಾನಸ್ನಾನದಲ್ಲಿ ನಾವು ಪಿತನ ಹೆಸರಿನ ಜೊತೆಗೆ ಒಂದು ಸೃಷ್ಟಿಯ ಹೆಸರನ್ನು ಸೇರಿಸಿ ಹೇಳಿದಂತಾಗುತ್ತದೆ. ಶಿಲುಬೆಯ ಮುಂದೆ ಮೊಣಕಾಲೂರಿ ಯೇಸುವನ್ನು ಆರಾಧಿಸುವುದು ಸೃಷ್ಟಿಯ ಆರಾಧನೆಯಾಗುತ್ತದೆ. ಅಥನಾಸಿಯುಸರಿಗೆ ಇದು ಪಂಡಿತರ ಚರ್ಚೆಯಾಗಿರಲಿಲ್ಲ.

ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ನೈಸಿಯ ಪಟ್ಟಣದಲ್ಲಿ ಮಹಾಸಭೆ ಕರೆದರು. ಅದು ಇಂದಿನ ಟರ್ಕಿಯ ಇಜ್ನಿಕ್. ಬಂದ ಧರ್ಮಾಧ್ಯಕ್ಷರು 318 ಮಂದಿ ಎನ್ನುವುದು ಪರಂಪರೆ. ಇನ್ನೂರೈವತ್ತರಿಂದ ಮುನ್ನೂರರ ನಡುವೆ ಇದ್ದರೆಂದು ಇತಿಹಾಸಕಾರರ ಅಂದಾಜು. ಪೋಪ್ ಜಗದ್ಗುರು ಸಿಲ್ವೆಸ್ಟರರು ವೃದ್ಧರಾದ್ದರಿಂದ ಇಬ್ಬರು ಗುರುಗಳನ್ನು ಕಳುಹಿಸಿದರು. ಹಿಂಸೆಯ ಕಾಲದಲ್ಲಿ ಒಂದು ಕಣ್ಣನ್ನು ಕಳೆದುಕೊಂಡ ಈಜಿಪ್ಟಿನ ಪಫ್ನೂಷಿಯಸರೂ ಅಲ್ಲಿದ್ದರೆಂದು ಹೇಳುತ್ತಾರೆ. ಡೀಕನ್ ಅಥನಾಸಿಯುಸರು ತಮ್ಮ ಧರ್ಮಾಧ್ಯಕ್ಷರ ಜೊತೆಗೆ ಹೋಗಿದ್ದರು. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ.

ಸಭೆಯಲ್ಲಿ ಪಿತೃಗಳಿಗೆ ಒಂದು ತೊಡಕು ಎದುರಾಯಿತು. ಪವಿತ್ರ ಗ್ರಂಥದ ಯಾವ ಮಾತನ್ನು ಮುಂದಿಟ್ಟರೂ ಆರಿಯುಸನ ಕಡೆಯವರು ತಮ್ಮ ಅರ್ಥ ಹಚ್ಚಿ ಒಪ್ಪಿಕೊಳ್ಳುತ್ತಿದ್ದರು. ಸುತನು ದೇವರಿಂದ ಬಂದವರು ಎಂದರೆ, ಎಲ್ಲವೂ ದೇವರಿಂದಲೇ ತಾನೇ ಬಂದದ್ದು ಎನ್ನುವರು. ದೇವರ ಪ್ರತಿರೂಪ ಎಂದರೆ, ಮನುಷ್ಯನೂ ಪ್ರತಿರೂಪವೇ ಎನ್ನುವರು. ಕೊನೆಗೆ ಎರಡರ್ಥಕ್ಕೆ ಎಡೆ ಕೊಡದ ಒಂದು ಗ್ರೀಕ್ ಪದವನ್ನು ಆರಿಸಲಾಯಿತು: ಹೋಮೋಊಸಿಯೋಸ್. ಹೋಮೋ ಎಂದರೆ ಅದೇ, ಊಸಿಯ ಎಂದರೆ ಇರವು ಅಥವಾ ಸತ್ವ. ಪಿತನ ಸತ್ವ ಯಾವುದೋ ಸುತನದೂ ಅದೇ. ಈ ಪದ ಪವಿತ್ರ ಗ್ರಂಥದಲ್ಲಿ ಇಲ್ಲ. ಹಿಂದೆ ಅಂತಿಯೋಕ್ಯದಲ್ಲಿ ಬೇರೊಬ್ಬ ಅಪಬೋಧಕ ಅದನ್ನು ಬಳಸಿದನೆಂದು ತಳ್ಳಿಹಾಕಿದ್ದೂ ಉಂಟು. ಆದ್ದರಿಂದ ಸಹಿ ಹಾಕಿದವರಲ್ಲಿಯೂ ಹಲವರು ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದರು. ಇಬ್ಬರು ಧರ್ಮಾಧ್ಯಕ್ಷರು ಹಾಕಲೇ ಇಲ್ಲ. ಅವರೂ ಆರಿಯುಸನೂ ಗಡಿಪಾರಾದರು. 2025ಕ್ಕೆ ಈ ಸಭೆಗೆ 1700 ವರ್ಷ ತುಂಬಿತು. ಆ ವರ್ಷ ನವೆಂಬರಿನಲ್ಲಿ ಪೋಪ್ ಜಗದ್ಗುರು 14ನೇ ಲಿಯೋರವರು ಇಜ್ನಿಕ್‌ಗೆ ಹೋಗಿ ಪೂರ್ವ ಧರ್ಮಸಭೆಗಳ ಮುಖಂಡರೊಂದಿಗೆ ಪ್ರಾರ್ಥಿಸಿದ್ದನ್ನು ನೀವು ಓದಿರಬಹುದು.

ಸಭೆ ಮುಗಿದರೂ ಜಗಳ ಮುಗಿಯಲಿಲ್ಲ. ಅಲೆಕ್ಸಾಂಡರರು 328ರಲ್ಲಿ ನಿಧನರಾದ ಮೇಲೆ, ಮೂವತ್ತರ ಆಸುಪಾಸಿನ ಅಥನಾಸಿಯುಸರು ಜೂನ್ 8ರಂದು ಧರ್ಮಾಧ್ಯಕ್ಷರಾದರು. ಅಷ್ಟರಲ್ಲಿ ಚಕ್ರವರ್ತಿಯ ಮನಸ್ಸು ಬದಲಾಗಿತ್ತು. ಆರಿಯುಸನ ಮಿತ್ರರು ಅರಮನೆಗೆ ಹತ್ತಿರವಾಗಿದ್ದರು. ಆರಿಯುಸನನ್ನು ಸಭೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ಅಪ್ಪಣೆ ಬಂದಾಗ ಅಥನಾಸಿಯುಸರು ಒಪ್ಪಲಿಲ್ಲ. ಆಮೇಲೆ ಒಂದೊಂದೇ ಆಪಾದನೆ ಹುಟ್ಟಿಕೊಂಡಿತು. ಅವರ ಕಡೆಯವರು ಬಲಿಪೂಜೆಯ ಪಾನಪಾತ್ರೆಯನ್ನು ಒಡೆದರಂತೆ. ಆರ್ಸೇನಿಯಸ್ ಎಂಬ ಧರ್ಮಾಧ್ಯಕ್ಷನನ್ನು ಕೊಲ್ಲಿಸಿ, ಅವನ ಕೈ ಕತ್ತರಿಸಿ ಮಾಟಕ್ಕೆ ಬಳಸಿದರಂತೆ! ಕತ್ತರಿಸಿದ ಕೈಯೊಂದನ್ನು ಊರಿಂದೂರಿಗೆ ಒಯ್ದು ತೋರಿಸಿದ್ದೂ ಆಯಿತು.

ವಿಚಾರಣೆ ನಡೆದದ್ದು 335ರಲ್ಲಿ, ಕಡಲ ತೀರದ ಟೈರ್ ಪಟ್ಟಣದಲ್ಲಿ. ಸತ್ತನೆಂದು ಹೇಳಿದ ಆರ್ಸೇನಿಯಸ್ ನಿಜವಾಗಿ ಅಡಗಿಕೊಂಡಿದ್ದ. ಅಥನಾಸಿಯುಸರ ಕಡೆಯವರು ಹುಡುಕಿ ಹಿಡಿದರು. ಹಳೆಯ ಇತಿಹಾಸಕಾರರು ಮುಂದಿನದನ್ನು ನಾಟಕದ ಹಾಗೆ ವಿವರಿಸುತ್ತಾರೆ. ಅಥನಾಸಿಯುಸರು ಮೈತುಂಬ ಹೊದ್ದುಕೊಂಡ ಒಬ್ಬನನ್ನು ಸಭೆಯ ನಡುವೆ ನಿಲ್ಲಿಸಿ, ಮುಖದ ಮೇಲಿನ ಬಟ್ಟೆ ಸರಿಸಿದರು. ಆರ್ಸೇನಿಯಸನೇ. ಒಂದು ಪಕ್ಕದ ಹೊದಿಕೆ ಸರಿಸಿ ಒಂದು ಕೈ ತೋರಿಸಿದರು. ಸ್ವಲ್ಪ ತಡೆದು ಇನ್ನೊಂದು ಕೈಯನ್ನೂ ತೋರಿಸಿದರು. ಮೂರನೆಯ ಕೈಯನ್ನು ಎಲ್ಲಿಂದ ಕತ್ತರಿಸಿದ್ದೆಂದು ದೂರು ಕೊಟ್ಟವರೇ ತಿಳಿಸಲಿ ಎಂದು ಸುಮ್ಮನೆ ನಿಂತರು. ಆದರೂ ಸಭೆ ಅವರನ್ನು ಪದಚ್ಯುತಗೊಳಿಸಿತು. ಅವರು ದೋಣಿ ಹತ್ತಿ ರಾಜಧಾನಿಗೆ ಹೋಗಿ, ದಾರಿಯಲ್ಲಿ ಬರುತ್ತಿದ್ದ ಚಕ್ರವರ್ತಿಯನ್ನು ಕುದುರೆಯ ಮುಂದೆಯೇ ತಡೆದು ನ್ಯಾಯ ಕೇಳಿದರು. ಆಗ ಹೊಸ ದೂರು ಬಂತು: ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಹೋಗುವ ಗೋಧಿಯ ಹಡಗುಗಳನ್ನು ತಡೆಯುವುದಾಗಿ ಇವರು ಬೆದರಿಸಿದ್ದಾರೆ ಎಂದು. ಚಕ್ರವರ್ತಿಗೆ ಕೋಪ ಬರಲು ಅಷ್ಟು ಸಾಕಾಯಿತು. ಅಥನಾಸಿಯುಸರನ್ನು ಸಾಮ್ರಾಜ್ಯದ ಇನ್ನೊಂದು ತುದಿಗೆ, ಇಂದಿನ ಜರ್ಮನಿಯಲ್ಲಿರುವ ಟ್ರಿಯರ್‌ಗೆ ಕಳುಹಿಸಲಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಥನಾಸಿಯುಸರು ಸೌಮ್ಯ ಸ್ವಭಾವದವರಲ್ಲ. ವಿರೋಧಿಗಳ ಬಗ್ಗೆ ಬರೆಯುವಾಗ ಅವರ ಲೇಖನಿ ತುಂಬಾ ಖಾರ. ಅದೇ 335ರ ಸುಮಾರಿಗೆ ಅವರ ವಿರೋಧಿ ಗುಂಪಿನವನೊಬ್ಬ ಬರೆದ ಪಪೈರಸ್ ಪತ್ರವೊಂದು 1924ರಲ್ಲಿ ಪ್ರಕಟವಾಯಿತು. ಅಥನಾಸಿಯುಸರ ಬೆಂಬಲಿಗರು ತಮ್ಮವರನ್ನು ಹಿಡಿದು ಹೊಡೆದರೆಂದು ಅದರಲ್ಲಿದೆ. ಕೈ ಕತ್ತರಿಸಿದ ಕಥೆ ಸುಳ್ಳೇ. ಹಾಗೆಂದು ದೂರುಗಳೆಲ್ಲವೂ ಸುಳ್ಳೆನ್ನಲು ಬರುವುದಿಲ್ಲ. ಸಂತರೂ ತಮ್ಮ ಕಾಲದ ಮನುಷ್ಯರೇ.

ಕಾನ್‌ಸ್ಟಂಟೈನ್ 337ರಲ್ಲಿ ತೀರಿಕೊಂಡ ಮೇಲೆ ಅವರು ಊರಿಗೆ ಬಂದರು. 339ರಲ್ಲಿ ಮತ್ತೆ ಹೊರಗೆ. ಈ ಸಲ ರೋಮಿಗೆ ಹೋದರು. ಪೋಪ್ ಜಗದ್ಗುರು ಜೂಲಿಯಸರು ಅವರನ್ನು ನಿರ್ದೋಷಿಯೆಂದು ಸಾರಿದರು. ಆದರೂ ಊರು ಸೇರಲು ಏಳು ವರ್ಷ ಬೇಕಾಯಿತು. 346ರ ಅಕ್ಟೋಬರಿನಲ್ಲಿ ಅವರು ಮರಳಿದಾಗ ಜನರು ನೂರು ಮೈಲಿ ಮುಂದೆ ಹೋಗಿ ಎದುರುಗೊಂಡರಂತೆ. ಆಗಿನ ಅಲೆಕ್ಸಾಂಡ್ರಿಯದ ಕುಟುಂಬಗಳ ಬಗ್ಗೆ ಅವರೇ ಬರೆದದ್ದು ಓದಲು ಸಂತೋಷವಾಗುತ್ತದೆ. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು, ಮಕ್ಕಳು ತಂದೆತಾಯಿಯರನ್ನು ಪ್ರಾರ್ಥನೆಗೆ ಹುರಿದುಂಬಿಸುತ್ತಿದ್ದರು. ಹಸಿದಿದ್ದ ವಿಧವೆಯರಿಗೂ ಅನಾಥರಿಗೂ ಊಟ ಬಟ್ಟೆ ಸಿಕ್ಕಿತು. ಒಂದೊಂದು ಮನೆಯೂ ಒಂದೊಂದು ದೇವಾಲಯದಂತೆ ಕಾಣುತ್ತಿತ್ತು ಎಂದು ಅವರು ನೆನೆಯುತ್ತಾರೆ. ಗ್ರೀಕ್ ಪದದ ಜಗಳ ಪಂಡಿತರಿಗೆ ಮಾತ್ರ ಸೇರಿದ್ದೆಂದು ಭಾವಿಸುವವರು ಈ ಮನೆಗಳನ್ನು ಮರೆಯಬಾರದು. ಆ ಧರ್ಮಾಧ್ಯಕ್ಷರನ್ನು ಮುಂದೆ ಬಚ್ಚಿಟ್ಟು ಕಾಪಾಡಿದ್ದು ಇಂಥ ಶ್ರೀಸಾಮಾನ್ಯರೇ.

ಕಾಪಾಡುವ ಕಾಲ 356ರಲ್ಲಿ ಬಂತು. ಆಗ ಇಡೀ ಸಾಮ್ರಾಜ್ಯ ಕಾನ್‌ಸ್ಟಂಟೈನರ ಮಗ ಕಾನ್‌ಸ್ಟಾಂಷಿಯಸನ ಕೈಯಲ್ಲಿತ್ತು. ಆತನಿಗೆ ನೈಸಿಯದ ಪದ ಬೇಡವಾಗಿತ್ತು. ಪೋಪ್ ಲಿಬೇರಿಯಸರನ್ನೇ ರೋಮಿನಿಂದ ಗಡಿಪಾರು ಮಾಡಿಯಾಗಿತ್ತು. ಫೆಬ್ರವರಿ 8ರ ರಾತ್ರಿ ಅಲೆಕ್ಸಾಂಡ್ರಿಯದ ಥಿಯೋನಸ್ ದೇವಾಲಯದಲ್ಲಿ ಜಾಗರಣೆಯ ಪ್ರಾರ್ಥನೆ ನಡೆಯುತ್ತಿತ್ತು. ಐದು ಸಾವಿರಕ್ಕೂ ಹೆಚ್ಚು ಸೈನಿಕರು ಕತ್ತಿ ಬಿಲ್ಲುಗಳೊಂದಿಗೆ ದೇವಾಲಯವನ್ನು ಸುತ್ತುವರಿದರು. ಅಥನಾಸಿಯುಸರು ಪೀಠದಿಂದ ಏಳಲಿಲ್ಲ. 136ನೆಯ ಕೀರ್ತನೆಯನ್ನು ಓದುವಂತೆ ಡೀಕನರಿಗೆ ಹೇಳಿದರು. ದೇವರ ಕರುಣೆಗೆ ಕೊನೆಯಿಲ್ಲವೆಂದು ಪ್ರತಿ ಸಾಲಿಗೂ ಜನರು ಪಲ್ಲವಿ ಸೇರಿಸುವ ಕೀರ್ತನೆ ಅದು. ಪಲ್ಲವಿ ಹೇಳುತ್ತಲೇ ಮನೆಗೆ ಹೋಗಿರೆಂದು ಜನರಿಗೆ ತಿಳಿಸಿದರು. ಅಷ್ಟರಲ್ಲಿ ಬಾಗಿಲು ಮುರಿಯಿತು. ಗುರುಗಳು ಅವರನ್ನು ಓಡಿಹೋಗುವಂತೆ ಬೇಡಿದರೂ, ಜನರೆಲ್ಲ ಹೊರಗೆ ಹೋಗುವವರೆಗೆ ಕದಲುವುದಿಲ್ಲವೆಂದು ಹಟ ಹಿಡಿದರು. ಹೆಚ್ಚಿನವರು ಹೊರಬಿದ್ದ ಮೇಲೆ ಮಠವಾಸಿಗಳೂ ಗುರುಗಳೂ ಅವರನ್ನು ಎಳೆದುಕೊಂಡೇ ಸೈನಿಕರ ನಡುವಿನಿಂದ ಪಾರು ಮಾಡಿದರು. ಆ ರಾತ್ರಿ ಸತ್ತವರೂ ಇದ್ದರು.

ಮುಂದಿನ ಆರು ವರ್ಷ ಅವರು ಮರಳುಗಾಡಿನ ಮಠವಾಸಿಗಳ ಗುಡಿಸಲುಗಳಲ್ಲಿ ಕಣ್ಮರೆಯಾದರು. ಸೈನಿಕರು ಹುಡುಕಿದರು, ಯಾರೂ ಹಿಡಿದುಕೊಡಲಿಲ್ಲ. ಅವರ ಮುಖ್ಯ ಬರಹಗಳಲ್ಲಿ ಹಲವು ಈ ವರ್ಷಗಳವು. ಮರಳುಗಾಡಿನ ಸನ್ಯಾಸಿ ಸಂತ ಅಂತೋಣಿಯವರ ಚರಿತ್ರೆಯನ್ನು ಬರೆದದ್ದು ಆಗಲೇ. ಮೂವತ್ತು ವರ್ಷಗಳ ನಂತರ ಮಿಲಾನಿನಲ್ಲಿ ಆ ಚರಿತ್ರೆಯ ಮಾತು ಕಿವಿಗೆ ಬಿದ್ದು ಆಗಸ್ಟೀನರೆಂಬ ಅಧ್ಯಾಪಕರ ಮನಸ್ಸು ಕದಡಿತು. ಮುಂದಿನದು ನಿಮಗೆ ತಿಳಿದೇ ಇದೆ. ಪವಿತ್ರಾತ್ಮರು ಸೃಷ್ಟಿ ಎನ್ನುವವರಿಗೆ ಉತ್ತರವಾಗಿ, ಅವರೂ ಪಿತ ಸುತರೊಂದಿಗೆ ಅದೇ ಸತ್ವದವರೆಂದು ತೋರಿಸುವ ಪತ್ರಗಳನ್ನು ಧರ್ಮಾಧ್ಯಕ್ಷ ಸೆರಾಪಿಯೋನರಿಗೆ ಬರೆದದ್ದೂ ಈ ದಿನಗಳಲ್ಲಿಯೇ.

ನನಗೆ ಅಥನಾಸಿಯುಸರ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ರಾತ್ರಿಯ ಧೈರ್ಯವಲ್ಲ, ಆಮೇಲೆ ನಡೆದ ಒಂದು ಸಂಗತಿ. ಈ ಹೊತ್ತಿಗೆ ಪೂರ್ವದಲ್ಲಿ ಇನ್ನೊಂದು ಗುಂಪು ಇತ್ತು. ಅವರು ಆರಿಯುಸನನ್ನು ಒಪ್ಪುತ್ತಿರಲಿಲ್ಲ, ನೈಸಿಯದ ಪದವನ್ನೂ ಒಪ್ಪುತ್ತಿರಲಿಲ್ಲ. ಅದೇ ಸತ್ವ ಎಂದರೆ ಪಿತ ಬೇರೆ ಸುತ ಬೇರೆ ಎಂಬುದೇ ಅಳಿಸಿಹೋಗಿ, ಒಬ್ಬರೇ ಎರಡು ವೇಷ ಹಾಕಿದಂತೆ ಆದೀತು ಎಂಬ ಹೆದರಿಕೆ ಅವರಿಗೆ. ಅದಕ್ಕಾಗಿ ಅವರು ಹೋಮೋಯೂಸಿಯೋಸ್ ಎಂದರು. ಗ್ರೀಕಿನಲ್ಲಿ ಒಂದೇ ಒಂದು ಚಿಕ್ಕ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಅದೇ ಎನ್ನುವುದಕ್ಕೂ ಅದರ ಹಾಗೆ ಎನ್ನುವುದಕ್ಕೂ ಇರುವ ಅಂತರ. ಆರಿಯುಸನ ಕಡೆಯವರಿಗೆ ಒಂದಕ್ಷರವನ್ನೂ ಬಿಟ್ಟುಕೊಡದ ಮುದುಕರು ಇವರನ್ನೂ ಅಟ್ಟಿಬಿಡುತ್ತಾರೆ ಎಂದು ನೀವು ಎಣಿಸಬಹುದು. ಹಾಗೆ ಆಗಲಿಲ್ಲ. ಇವರು ನಮ್ಮ ಸಹೋದರರು, ನಾವು ನಂಬುವುದನ್ನೇ ನಂಬುತ್ತಾರೆ, ಪದದ ಬಗ್ಗೆ ಮಾತ್ರ ಅಳುಕುತ್ತಾರೆ ಎಂದು 359ರಲ್ಲಿ ಅಡಗುತಾಣದಿಂದಲೇ ಬರೆದರು. ಆ ಪದ ಏಕೆ ಬೇಕೆಂದು ತಾಳ್ಮೆಯಿಂದ ವಿವರಿಸಿದರು.

ಕಾನ್‌ಸ್ಟಾಂಷಿಯಸ್ ತೀರಿಕೊಂಡು, 362ರಲ್ಲಿ ಊರಿಗೆ ಮರಳಿದ ಕೂಡಲೇ ಅವರು ಒಂದು ಚಿಕ್ಕ ಸಭೆ ಕೂಡಿಸಿದರು. ದೇವರಲ್ಲಿ ಮೂರು ಹಿಪೋಸ್ಟಾಸಿಸ್ ಎನ್ನುವವರೂ ಒಂದೇ ಹಿಪೋಸ್ಟಾಸಿಸ್ ಎನ್ನುವವರೂ ಆಗ ಒಬ್ಬರನ್ನೊಬ್ಬರು ಅಪನಂಬಿಕೆಯಿಂದ ನೋಡುತ್ತಿದ್ದರು. ಆ ಪದಕ್ಕೆ ವ್ಯಕ್ತಿ ಎಂದೂ ಸತ್ವ ಎಂದೂ ಎರಡು ಬಗೆಯಲ್ಲಿ ಅರ್ಥ ಮಾಡಲು ಬರುತ್ತಿತ್ತು. ಸಭೆ ಇಬ್ಬರನ್ನೂ ಕೂರಿಸಿ, ನಿಮ್ಮ ಮಾತಿನ ಅರ್ಥವೇನೆಂದು ಕೇಳಿತು. ಮೂರು ದೇವರೆಂದು ನಾವು ಹೇಳುತ್ತಿಲ್ಲ ಎಂದರು ಮೊದಲನೆಯವರು. ಪಿತ, ಸುತ, ಪವಿತ್ರಾತ್ಮರ ಭೇದವನ್ನು ನಾವು ಅಳಿಸುತ್ತಿಲ್ಲ ಎಂದರು ಎರಡನೆಯವರು. ಇಬ್ಬರೂ ಒಂದನ್ನೇ ನಂಬುತ್ತಿದ್ದರು. ಹಿಂದೆ ಹೆದರಿಕೆಯಿಂದ ತಪ್ಪು ಪತ್ರಗಳಿಗೆ ಸಹಿ ಹಾಕಿದ್ದವರನ್ನು, ನೈಸಿಯದ ವಿಶ್ವಾಸವನ್ನು ಒಪ್ಪಿದರೆ ಸಾಕೆಂದು ಮರಳಿ ಸೇರಿಸಿಕೊಳ್ಳಲಾಯಿತು. ಆ ಪದಕ್ಕಾಗಿ ಅಷ್ಟೊಂದು ಕಷ್ಟಪಟ್ಟವರಿಗೆ ಹೀಗೆ ಕೇಳುವ ಮನಸ್ಸು ಬರುವುದು ಸುಲಭವಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಅದೇ ವರ್ಷ ಜೂಲಿಯನ್ ಚಕ್ರವರ್ತಿ ಅವರನ್ನು ನಾಲ್ಕನೆಯ ಸಲ ಹೊರಹಾಕಿದರು. ನೈಲ್ ನದಿಯಲ್ಲಿ ದೋಣಿಯಲ್ಲಿ ಹೋಗುವಾಗ ಅಧಿಕಾರಿಗಳು ಬೆನ್ನಟ್ಟಿದರಂತೆ. ಅಥನಾಸಿಯುಸರು ದೋಣಿಯನ್ನು ತಿರುಗಿಸಿ ಅವರ ಎದುರಿಗೇ ಬರುವಂತೆ ಹೇಳಿದರು. ಅಥನಾಸಿಯುಸ್ ಎಲ್ಲಿ ಎಂದು ಅವರು ಕೇಳಿದಾಗ, ಬೇಗ ಹೋದರೆ ಹತ್ತಿರದಲ್ಲೇ ಸಿಗುತ್ತಾನೆ ಎಂಬ ಉತ್ತರ ದೊರೆಯಿತು, ಅವರು ರಭಸದಿಂದ ಮುಂದೆ ಹೋದರು. ಐದನೆಯ ಸಲ, ವಾಲೆನ್ಸ್ ಚಕ್ರವರ್ತಿಯ ಕಾಲದಲ್ಲಿ, 365ರಿಂದ ಕೆಲವು ತಿಂಗಳು ತಮ್ಮ ಕುಟುಂಬದ ಸಮಾಧಿಯಲ್ಲಿ ಅಡಗಿದ್ದರೆಂದು ಇತಿಹಾಸಕಾರ ಸಾಕ್ರಟೀಸ್ ಬರೆಯುತ್ತಾರೆ. ಜನರ ಗಲಾಟೆಗೆ ಹೆದರಿ ಚಕ್ರವರ್ತಿಯೇ 366ರಲ್ಲಿ ಅವರನ್ನು ಮರಳಿ ಕರೆಸಿದರು. 367ರ ಪಾಸ್ಕ ಹಬ್ಬದ ಪತ್ರದಲ್ಲಿ ಅವರು ಹೊಸ ಒಡಂಬಡಿಕೆಯ ಪುಸ್ತಕಗಳ ಪಟ್ಟಿ ಕೊಟ್ಟರು. ನಿಮ್ಮ ಮನೆಯ ಬೈಬಲಿನಲ್ಲಿರುವ ಅದೇ 27 ಪುಸ್ತಕಗಳು. ಅಥನಾಸಿಯುಸರ ವಿಶ್ವಾಸಪ್ರಮಾಣ ಎಂದು ಕರೆಯುವ ಲತೀನ್ ಪ್ರಾರ್ಥನೆ ಮಾತ್ರ ಅವರದಲ್ಲ, ಬಹಳ ಕಾಲದ ಮೇಲೆ ಪಶ್ಚಿಮದಲ್ಲಿ ಹುಟ್ಟಿದ್ದು.

373ರ ಮೇ 2ರಂದು, ಎಪ್ಪತ್ತು ದಾಟಿದ ಅವರು ತಮ್ಮ ಊರಿನಲ್ಲಿಯೇ, ತಮ್ಮ ಹಾಸಿಗೆಯಲ್ಲಿಯೇ ಕಣ್ಣು ಮುಚ್ಚಿದರು. ಆಗಿನ್ನೂ ಆರಿಯುಸನ ಪಕ್ಷದ ಚಕ್ರವರ್ತಿಯೇ ಆಳುತ್ತಿದ್ದ. ಎಂಟು ವರ್ಷಗಳ ನಂತರ, 381ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ನೈಸಿಯದ ವಿಶ್ವಾಸವನ್ನು ಎತ್ತಿಹಿಡಿಯಿತು. ಅದನ್ನು ಅಥನಾಸಿಯುಸರು ನೋಡಲಿಲ್ಲ.

ಮುಂದೆ 451ರ ನಂತರ ಕ್ರಿಸ್ತರ ದೈವ ಮತ್ತು ಮನುಷ್ಯ ಸ್ವಭಾವಗಳನ್ನು ಹೇಳುವ ಪದಗಳ ವಿಷಯದಲ್ಲಿ ಈಜಿಪ್ಟಿನ ಕೋಪ್ಟಿಕ್ ಧರ್ಮಸಭೆಯೂ ರೋಮ್ ಧರ್ಮಸಭೆಯೂ ಬೇರೆಯಾದವು. 1973ರಲ್ಲಿ, ಅಥನಾಸಿಯುಸರು ನಿಧನರಾಗಿ 1600 ವರ್ಷ ತುಂಬಿದಾಗ, ಅವರದೇ ಪೀಠದ ಉತ್ತರಾಧಿಕಾರಿಯಾದ ಕೋಪ್ಟಿಕ್ ಪೋಪ್ 3ನೇ ಶೆನೂದರವರು ರೋಮಿಗೆ ಬಂದರು. ಮೇ 10ರಂದು ಅವರೂ ಪೋಪ್ ಜಗದ್ಗುರು 6ನೇ ಪೌಲರೂ ಕ್ರಿಸ್ತರ ಕುರಿತ ತಮ್ಮ ವಿಶ್ವಾಸವನ್ನು ಒಂದೇ ಪತ್ರದಲ್ಲಿ ಬರೆದು ಸಹಿ ಹಾಕಿದರು. ಆ ಭೇಟಿಯಲ್ಲಿ ಶೆನೂದರವರ ಕೈಗೆ ಪೋಪರು ಸಂತ ಅಥನಾಸಿಯುಸರ ಅವಶೇಷಗಳ ಒಂದು ಭಾಗವನ್ನು ಒಪ್ಪಿಸಿದರು. ಅವು ಈಗ ಕೈರೋ ನಗರದ ಸಂತ ಮಾರ್ಕರ ಪ್ರಧಾನಾಲಯದಲ್ಲಿವೆ.